ತುಟಿ ನೋಡಿ ಕೇಳುವವರಿಗೆ

ಕುರುಗೋಡು,
ಕಾರ್ತಿಕದ ಕಡೆಯ ಸೋಮವಾರ,
೧೭ ನವೆಂಬರ್ ೨೦೨೫

ಪ್ರೀತಿಯ ಅತ್ತೀ,

ಶರಣು. ಹೇಗಿದ್ದೀರಿ? ಮೊಣಕಾಲಿನ ಬಾವು ಇಳಿಯಿತೇ? ಹೋದ ಸಲ ಫೋನಿನಲ್ಲಿ ಮೈದುನ ಶರಣ, ಅವ್ವ ಈಗ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುತ್ತಾಳೆ ಎಂದ. ಅವನು ಯಾವಾಗಲೂ ಒಳ್ಳೆಯ ಸುದ್ದಿಯನ್ನೇ ಹೇಳುವ ಹುಡುಗ, ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ದೇಶನೂರಿನಲ್ಲಿ ಈಗ ಭತ್ತದ ಕೊಯ್ಲು ಜೋರಾಗಿ ನಡೆದಿರಬೇಕು. ಮಷಿನ್ನು ಗದ್ದೆಗೆ ಇಳಿದರೆ ಊರೆಲ್ಲ ಧೂಳು ಹೊಟ್ಟು ಹಾರುತ್ತದೆ. ಕಟ್ಟೆಯ ಮೇಲೆ ಕೂಡುವಾಗ ಸೆರಗನ್ನು ಮೂಗಿಗೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಹಳೆಯ ಕೆಮ್ಮು ಮತ್ತೆ ಎದ್ದೀತು. ನಾಗಲಕ್ಷ್ಮಿಯ ಕೂಸು ಮಗ್ಗುಲು ಹೊರಳುತ್ತದೆಯೇ? ಅದಕ್ಕೆ ಎಣ್ಣೆ ಹಚ್ಚಿ ಎರೆಯುವವರು ನೀವೇ ಎಂದು ಕೇಳಿದೆ. ಬಗ್ಗಿ ನೀರು ಎತ್ತಬೇಡಿ ಅತ್ತೀ, ಶರಣನಿಗೆ ಹೇಳಿದರೆ ಎತ್ತಿಕೊಡುತ್ತಾನೆ. ಹೇಳಲು ನೀವು ಸಂಕೋಚಪಡುತ್ತೀರಿ, ಅದು ನನಗೆ ಗೊತ್ತು.

ಈ ಕಾಲದಲ್ಲಿ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಿಮಗೆ ನನ್ನ ಮಾತು ಕೇಳಿಸುವುದಿಲ್ಲ. ಶರಣ ಸ್ಪೀಕರ್ ಹಾಕುತ್ತಾನೆ, ನೀವು "ಹಾಂ, ಹಾಂ, ಉಂಡ್ಯಾ? ಆರಾಮ ಅದೀಯಾ?" ಎನ್ನುತ್ತೀರಿ, ನಾನು ಏನು ಹೇಳಿದರೂ ಮತ್ತೆ "ಉಂಡ್ಯಾ?" ಎನ್ನುತ್ತೀರಿ. ಕೊನೆಗೆ ಶರಣ, "ಅವ್ವಗ ಕೇಳ್ಸಂಗಿಲ್ಲ ಅತ್ತಿಗಿ, ನಾ ಆಮ್ಯಾಲೆ ಎಲ್ಲಾ ಹೇಳ್ತೀನಿ ಬಿಡ್ರಿ" ಎಂದು ಇಡುತ್ತಾನೆ. ಅವನು ಏನು ಹೇಳಿರುತ್ತಾನೆ ಎಂದು ನಾನು ಊಹಿಸಬಲ್ಲೆ. ಸುನಂದಾ ಅತ್ತಿಗಿ ಆರಾಮ ಅದಾರಂತ, ಕುರುಗೋಡಿನಾಗ ಕೆಲಸ ಸಿಕ್ಕೈತಂತ, ಅಷ್ಟೇ. ಅಷ್ಟು ಸಾಲದು ಎನ್ನಿಸಿ ಕೂತಿದ್ದೇನೆ. ಅಕ್ಷರ ದಪ್ಪ ಮಾಡಿದ್ದೇನೆ. ನನ್ನ ಕೈಗೆ ಈ ಪುಸ್ತಕದ ಕನ್ನಡವೇ ಬರುತ್ತದೆ, ವಾರ್ತೆ ಓದಿ ಓದಿ ಹಾಗಾಗಿದೆ. ನೀವು ಓದಿಕೊಳ್ಳುವಾಗ ಮನೆಯ ಮಾತಿಗೆ ತಿರುಗಿಸಿಕೊಳ್ಳಿ.

ಕೆಲಸ ಹೋದ ದಿನ ನಾನು ನಿಮಗೆ ಬರೀ ಹೋಯಿತು ಎಂದಷ್ಟೇ ಹೇಳಿದ್ದೆ. ಅವತ್ತು ಏನಾಯಿತು ಎಂದು ಹೇಳಿರಲಿಲ್ಲ, ನೀವೂ ಕೇಳಲಿಲ್ಲ. ಸಂಕ್ರಾಂತಿ ಮುಗಿದು ಸ್ವಲ್ಪ ದಿನವಾಗಿತ್ತು. ಏಳು ಗಂಟೆಯ ವಾರ್ತೆ ಎಂದಿನಂತೆ ಓದಿದೆ. ಯಾವ ಬಡಾವಣೆಗೆ ನಾಳೆ ನೀರು, ಎಪಿಎಂಸಿಯಲ್ಲಿ ಮೆಣಸಿನಕಾಯಿಗೆ ಎಷ್ಟು ದರ, ಯಾರದೋ ಷಷ್ಟ್ಯಬ್ದಿಗೆ ಶುಭಾಶಯ. ಎಲ್ಲ ಮುಗಿಸಿ ಮೈಕು ತೆಗೆದು ಹೊರಗೆ ಬಂದರೆ ನಮ್ಮ ಚಾನೆಲ್ಲಿನ ಯಜಮಾನರು ಯರ್ರಿಸ್ವಾಮಿ ಸಾರ್ ಎಲ್ಲರಿಗೂ ಒಗ್ಗರಣಿ ಮಂಡಕ್ಕಿ, ಮಿರ್ಚಿ ತರಿಸಿ ಇಟ್ಟಿದ್ದರು. ಯಾರದಾದರೂ ಹುಟ್ಟುಹಬ್ಬವೇ ಎಂದು ಕೇಳಿದೆ. ಅವರು ಪೇಪರಿನ ಮೇಲಿನ ಮಂಡಕ್ಕಿಯನ್ನೇ ನೋಡುತ್ತ, "ಸುನಂದಮ್ಮಾ, ಈಗ ಯಾರೂ ಕೇಬಲ್ ಹಾಕಂಗಿಲ್ಲ. ಸುದ್ದಿ ಎಲ್ಲಾ ಮಂದಿ ಕೈಯಾಗ ಬಂದುಬಿಟ್ಟೈತಿ. ನಾ ಯಾರಿಗೆ ತೋರ್ಸಲಿ ಹೇಳ್ರಿ? ಇವತ್ತಿಗೆ ಸಾಕು" ಎಂದರು. ಹದಿನಾಲ್ಕು ವರ್ಷ ಆ ನೀಲಿ ಪರದೆಯ ಮುಂದೆ ಕೂತಿದ್ದೆ. ಅವತ್ತು ಕೊನೆಗೆ ನಾನು ಹೇಳಿದ್ದು, ನಾಳೆ ಮತ್ತೆ ಇದೇ ಸಮಯಕ್ಕೆ ಭೇಟಿಯಾಗೋಣ ಎಂದು. ಮೊದಲೇ ಗೊತ್ತಿದ್ದರೆ ನೋಡುವವರಿಗೆ ಒಂದು ನಮಸ್ಕಾರವನ್ನಾದರೂ ಹೇಳುತ್ತಿದ್ದೆ. ಅದೇ ಬೇಸರ ಬಹಳ ದಿನ ಕಾಡಿತು. ಪಾಪ, ಸಾರ್ ಕಣ್ಣಲ್ಲೂ ನೀರಿತ್ತು. ಬೈಯಲೂ ಆಗಲಿಲ್ಲ.

ನಮ್ಮ ಬಳ್ಳಾರಿ ಕಂಟೋನ್ಮೆಂಟಿನ ಮನೆಗೆ ಬಂದರೆ ನೀವು ಟಿವಿಯ ಮುಂದೆ ಕೂತಿದ್ದಿರಿ. ಸೌಂಡು ಇದ್ದರೂ ಇಲ್ಲದಿದ್ದರೂ ನಿಮಗೆ ಒಂದೇ. ನನ್ನ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಿರಿ. ನಾನು ಚಪ್ಪಲಿ ಬಿಡುವುದರೊಳಗೆ, "ನಾಳಿಗಿ ನಮ್ಮ ಕಡೆ ನೀರು ಬರತೈತಿ ಅಂದಿ, ಡ್ರಮ್ಮು ತೊಳದು ಇಟ್ಟೀನಿ" ಎಂದಿರಿ. ಊರಿಗೆಲ್ಲ ನಾನು ಓದಿದ ಸುದ್ದಿಯನ್ನು ಮನೆಗೆ ಬಂದ ಮೇಲೆ ನೀವು ನನಗೇ ಹೇಳುವುದು ಎಷ್ಟು ವರ್ಷದ ರೂಢಿ! ಅವತ್ತು ನಿಮ್ಮ ಎದುರು ಕೂತು, ಇನ್ನು ನಾನು ಟಿವಿಯಲ್ಲಿ ಬರುವುದಿಲ್ಲ ಎಂದೆ. ನೀವು ಅರ್ಥವಾಗದವರ ಹಾಗೆ ನನ್ನ ಬಾಯನ್ನೇ ನೋಡಿದಿರಿ. ಎರಡನೆಯ ಸಲ ಹೇಳಿದ ಮೇಲೆ ಎದ್ದು ಟಿವಿ ಆರಿಸಿ, "ರೊಟ್ಟಿ ಆರಾಕತ್ತಾವು, ಉಣ್ಣು ಬಾ" ಎಂದಿರಿ.

ಆಮೇಲಿನ ದಿನಗಳಲ್ಲಿ ಸಂಜೆ ಆರಾದರೆ ಸಾಕು, ನನ್ನ ಕೈ ತಾನೇ ಬಾಚಣಿಗೆ ಹುಡುಕುತ್ತಿತ್ತು. ಹೆರಳು ಹಾಕಿಕೊಂಡು, ಪೌಡರ್ ಹಚ್ಚಿ, ಸೀರೆಯ ನೆರಿಗೆ ಸರಿ ಮಾಡಿಕೊಂಡು ಬಾಗಿಲ ತನಕ ಬಂದ ಮೇಲೆ ನೆನಪಾಗುತ್ತಿತ್ತು. ಒಮ್ಮೆ ನೀವು, "ಎಲ್ಲಿಗಿ ಹೊಂಟಿ?" ಎಂದು ಕೇಳಿದಿರಿ. ಏನೂ ತೋಚದೆ ಕೊತ್ತಂಬರಿ ತರುತ್ತೇನೆ ಎಂದು ಹೋಗಿ, ಮೋತಿ ವೃತ್ತದವರೆಗೆ ನಡೆದು ಸುಮ್ಮನೆ ವಾಪಸು ಬಂದೆ. ಕೊತ್ತಂಬರಿ ತರುವುದನ್ನೂ ಮರೆತಿದ್ದೆ. ನೀವು ನನ್ನ ಬರಿಗೈ ನೋಡಿದಿರಿ.

ಬೆಂಗಳೂರು ರಸ್ತೆಯ ಸೀರೆ ಅಂಗಡಿಯ ಕೆಲಸ ನಿಮಗೆ ಗೊತ್ತೇ ಇದೆ. ಮದುವೆಯ ಕಾಲವೆಂದು ಹೆಚ್ಚಿನ ಜನ ತೆಗೆದುಕೊಂಡಿದ್ದರು. ಅಲ್ಲಿ ಕಷ್ಟ ಕಾಲುನೋವಿನದಲ್ಲ. ಬಂದವರು ನನ್ನನ್ನು ಗುರುತು ಹಿಡಿಯುತ್ತಿದ್ದರು. "ಏ, ನ್ಯೂಸ್ ಓದಾಕಿ ಇವ್ರೇ ಅಲ್ಲೇನು!" ಎಂದು ಸಂಭ್ರಮಪಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಮರುಕ್ಷಣವೇ, "ಆ ಕೆಳಗಿನ ಹಸರು ತಗಸ್ರಿ, ಅದಲ್ಲ, ಅದರ ಕೆಳಗಿಂದು" ಎನ್ನುತ್ತಿದ್ದರು. ಅವರದೇನೂ ತಪ್ಪಿಲ್ಲ, ಸೀರೆ ಕೊಳ್ಳಲು ಬಂದವರು ಸೀರೆಯನ್ನೇ ಕೇಳಬೇಕು. ನಾನೇ ಬಗ್ಗಿ ಕೂತು ಸೀರೆ ಎಳೆಯುವಾಗ ಬೇಕೆಂದೇ ತಲೆ ಎತ್ತುತ್ತಿರಲಿಲ್ಲ. ಮದುವೆಗಳು ಮುಗಿದವು, ಅಂಗಡಿಯವರು ಹೊಸಬರನ್ನೆಲ್ಲ ಕಳಿಸಿಬಿಟ್ಟರು.

ಆಗ ಮೂಕಪ್ಪನ ಅಂಗಡಿಗೆ ಹೋಗಲು ಶುರು ಮಾಡಿದೆ. ಹೆಸರು ಮೂಕಪ್ಪ, ಮಾಡುವುದು ಊರೆಲ್ಲ ಕೂಗುವ ಕೆಲಸ ಎಂದು ನೀವು ನಕ್ಕಿದ್ದಿರಿ. ಆಟೋಗೆ ಮೈಕು ಕಟ್ಟಿ ಓಡಿಸುತ್ತಾರಲ್ಲ, ಆ ಪ್ರಚಾರವನ್ನು ಅವನು ರೆಕಾರ್ಡ್ ಮಾಡಿಕೊಡುತ್ತಾನೆ. ವಾರಕ್ಕೆ ಒಂದೋ ಎರಡೋ ಕೆಲಸ ಬರುತ್ತಿದ್ದವು. ಜೀನ್ಸ್ ಪ್ಯಾಂಟಿನ ರಿಯಾಯಿತಿ, ಹೊಸ ಕೋಚಿಂಗ್ ಕ್ಲಾಸು, ಹಲ್ಲಿನ ಆಸ್ಪತ್ರೆ.

ಅಷ್ಟರಲ್ಲಿ ಆಷಾಢ ಬಂತು. ನಾಗಲಕ್ಷ್ಮಿಗೆ ಎರಡನೆಯ ಹೆರಿಗೆ ಹತ್ತಿರವಾಯಿತು. ಹೆಂಡತಿಗೆ ತಾಯಿ ಇಲ್ಲ, ಬಾಣಂತನಕ್ಕೆ ನೀವೇ ಆಗಬೇಕು ಎಂದು ಶರಣ ಕರೆಯಲು ಬಂದ. ಅದು ನ್ಯಾಯವೇ. ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸು ಹತ್ತುವ ಮುಂಚೆ ನೀವು ನನ್ನ ಗಲ್ಲ ಹಿಡಿದು ಹೇಳಿದ್ದು ಮಾತ್ರ ಬಾಣಂತನದ ಮಾತಲ್ಲ. "ನಿನಗ ಒಂದು ಹೊಟ್ಟಿ ಕಮ್ಮಿ ಆಗ್ಲಿ ಬಿಡವ್ವ, ನೀನೊಬ್ಬಾಕಿ ಹೆಂಗರ ನಡಸ್ತಿ" ಎಂದಿರಿ. ನಾನು ಬೇಡ ಎಂದೆ ಅತ್ತೀ. ಇಲ್ಲೇ ಇರಿ, ಇಬ್ಬರೂ ಇದ್ದುದನ್ನೇ ಉಣ್ಣೋಣ ಎಂದೆ. ಅಷ್ಟರಲ್ಲಿ ಜನ ನುಗ್ಗಿದರು, ನೀವು ಕಿಟಕಿಯ ಸೀಟು ನೋಡಲು ಆ ಕಡೆ ತಿರುಗಿದ್ದಿರಿ. ನನ್ನ ಬಾಯಿ ನಿಮಗೆ ಕಾಣಲೇ ಇಲ್ಲ. ಬಸ್ಸು ಹೊರಟ ಮೇಲೆ ಕೈ ಬೀಸಿದೆ, ನೀವೂ ಬೀಸಿದಿರಿ.

ನಿಮ್ಮ ಹಿರಿಯ ಮಗ ತೀರಿಹೋದಾಗಲೂ ಆ ಮನೆ ನನಗೆ ಅಷ್ಟು ದೊಡ್ಡದು ಎನ್ನಿಸಿರಲಿಲ್ಲ. ಅವರು ಹೋದ ದುಃಖದಲ್ಲಿ ನಾವಿಬ್ಬರೂ ಇದ್ದೆವು. ನಾನು ಅತ್ತರೆ ನೀವು ಬೈಯುತ್ತಿದ್ದಿರಿ, ನೀವು ಅತ್ತರೆ ನಾನು ಚಹಾ ಮಾಡುತ್ತಿದ್ದೆ, ದಿನ ಹೋಗುತ್ತಿತ್ತು. ನೀವು ಹೋದ ಮೇಲೆ ಒಬ್ಬಳಿಗೆ ಎರಡು ರೊಟ್ಟಿ ಬಡಿಯಲು ಬೇಸರವಾಗಿ ಮಂಡಕ್ಕಿ ತಿಂದು ಮಲಗಿದ್ದೂ ಉಂಟು. ಒಂದು ಮಧ್ಯಾಹ್ನ ಬೆಳಗಿನಿಂದ ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲ. ಹಾಲಿನವನು ಪ್ಯಾಕೆಟ್ಟು ಬಾಗಿಲಿಗೆ ಇಟ್ಟು ಹೋಗಿದ್ದ. ಬಟ್ಟೆ ಮಡಿಸುತ್ತ ಕೂತಿದ್ದಾಗ ಹೊರಗಿನಿಂದ ಹೆಂಗಸೊಬ್ಬಳು, ಬನ್ನಿ, ಬೇಗ ಬನ್ನಿ, ಎಲ್ಲರಿಗೂ ಸುಸ್ವಾಗತ ಎಂದು ಬಹಳ ಖುಷಿಯಿಂದ ಕರೆಯುವುದು ಕೇಳಿಸಿತು. ಯಾರು ಇಷ್ಟು ಪ್ರೀತಿಯಿಂದ ಕರೆಯುತ್ತಿದ್ದಾರೆ ಎಂದು ಎದ್ದು ಕಿಟಕಿಗೆ ಬಂದೆ. ಅದು ನನ್ನದೇ ಧ್ವನಿ. ಜೀನ್ಸಿನ ಆಟೋ ನಮ್ಮ ಬೀದಿಯಲ್ಲಿ ತಿರುಗಿ ಕೋಟೆಯ ಕಡೆಗೆ ಹೋಯಿತು. ಅದು ದೂರವಾಗುವ ತನಕ ಕೇಳುತ್ತ ನಿಂತೆ. ಆಮೇಲೆ, ನನ್ನ ಗಂಟಲಿನಲ್ಲಿ ಇನ್ನೂ ಮಾತು ಇದೆಯೋ ಇಲ್ಲವೋ ನೋಡೋಣವೆಂದು, ಖಾಲಿ ಮನೆಯಲ್ಲಿ "ಅತ್ತೀ" ಎಂದು ಒಮ್ಮೆ ಕೂಗಿದೆ. ಇದನ್ನು ಬರೆಯಬಾರದಿತ್ತೇನೋ. ಬರೆದಾಯಿತು, ಇರಲಿ.

ಶ್ರಾವಣದಲ್ಲಿ ಮೂಕಪ್ಪ ಕರೆಸಿದ. ಕುರುಗೋಡಿನಲ್ಲಿ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಒಂದು ಕೇಂದ್ರವಿದೆ, ಅವರು ಉಚಿತವಾಗಿ ಕಿವಿ ಪರೀಕ್ಷೆಯ ಶಿಬಿರ ಮಾಡುತ್ತಾರೆ, ಅದರ ಪ್ರಚಾರ ಓದಬೇಕು ಎಂದ. ಅದನ್ನು ನಡೆಸುವ ದಾಕ್ಷಾಯಣಿ ಮೇಡಂ ತಾವೇ ಬಂದು ರೆಕಾರ್ಡಿಂಗ್ ಕೋಣೆಯ ಗಾಜಿನ ಆ ಕಡೆ ಕೂತಿದ್ದರು. ಐವತ್ತು ದಾಟಿದವರು, ದಪ್ಪ ಕನ್ನಡಕ, ಕಡಿಮೆ ಮಾತು. ನಾನು ಓದಿ ಹೊರಗೆ ಬಂದಾಗ ಧ್ವನಿ ಚೆನ್ನಾಗಿದೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಧ್ವನಿಯ ಸುದ್ದಿಯನ್ನೇ ಎತ್ತಲಿಲ್ಲ. "ನಿಮ್ಮ ಮನ್ಯಾಗ ಯಾರಿಗರ ಕಿವಿ ಕೇಳಂಗಿಲ್ಲೇನ್ರಿ?" ಎಂದು ಕೇಳಿದರು. ನನಗೆ ಆಶ್ಚರ್ಯವಾಯಿತು. ನಮ್ಮ ಅತ್ತೆಗೆ ಕೇಳಿಸುವುದಿಲ್ಲ ಎಂದೆ. "ಅದಕ್ಕ ಹಿಂಗ. ನೀವು ಮಾತಾಡುವಾಗ ಮಾರಿ ಆ ಕಡೆ ಈ ಕಡೆ ತಿರುಗಸಂಗಿಲ್ಲ, ಬಾಯಿಗಿ ಕೈ ಅಡ್ಡ ತರಂಗಿಲ್ಲ. ಗಾಜಿನ ಆ ಕಡೆ ಕುಂತಿದ್ದೆ, ಏನೂ ಕೇಳ್ಸಲಿಲ್ಲ ನನಗ, ಆದ್ರ ಶಿಬಿರದ ತಾರೀಖು ಬಂದದ್ದು ನಿಮ್ಮ ತುಟಿ ಮ್ಯಾಲೇ ಕಂಡಿತು" ಎಂದರು. ಆಮೇಲೆ, "ನನ್ನ ಕಡೆ ಕೆಲಸ ಐತಿ. ಪಗಾರ ಭಾಳ ಇಲ್ಲ. ಬರ್ತೀರೇನ್ರಿ?" ಎಂದರು.

ನೋಡಿ ಅತ್ತೀ, ಹದಿನಾಲ್ಕು ವರ್ಷ ಕ್ಯಾಮೆರಾದ ಮುಂದೆ ಕೂತು ಕಲಿತೆ ಎಂದುಕೊಂಡಿದ್ದೆ. ಕಲಿತದ್ದು ನಿಮ್ಮ ಮುಂದೆ ಕೂತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಒಲೆಯ ಕಡೆ ಮುಖ ಮಾಡಿ ಏನೋ ಹೇಳಿದರೆ ನೀವು ಬಂದು ಗದ್ದ ಹಿಡಿದು ತಿರುಗಿಸಿ, "ಮಾರಿ ತೋರ್ಸಿ ಮಾತಾಡು" ಎನ್ನುತ್ತಿದ್ದಿರಿ. ಆಗ ಸಿಟ್ಟು ಬರುತ್ತಿತ್ತು. ಆ ಗದ್ದ ತಿರುಗಿಸಿದ್ದಕ್ಕೆ ಈಗ ನನಗೊಂದು ಕೆಲಸವಿದೆ.

ಗಣೇಶನ ಹಬ್ಬ ಮುಗಿಸಿ ಕುರುಗೋಡಿಗೆ ಬಂದೆ. ಕಂಟೋನ್ಮೆಂಟಿನ ಮನೆ ಬಿಟ್ಟು ಸಾಮಾನು ತಂದ ಸುದ್ದಿ ಶರಣ ಹೇಳಿರುತ್ತಾನೆ. ಇಲ್ಲಿ ದೊಡ್ಡಬಸವೇಶ್ವರನ ಗುಡಿಗೆ ಹೋಗುವ ದಾರಿಯಲ್ಲಿ ಹಾಲಸಿದ್ದಪ್ಪ ಎನ್ನುವವರ ಮನೆಯ ಹಿಂದಿನ ಭಾಗದಲ್ಲಿ ಬಾಡಿಗೆಗೆ ಇದ್ದೇನೆ. ಮನೆಯ ಹಿಂದೆ ಬಂಡೆಗಲ್ಲಿನ ಗುಡ್ಡ. ಹಗಲೆಲ್ಲ ಕಾದು ಸಂಜೆ ಬಿಸಿ ಉಗುಳುತ್ತದೆ, ಬೇಸಿಗೆಯಲ್ಲಿ ಹೇಗೋ ಕಾಣೆ. ಕೇಂದ್ರ ಎರಡು ಬೀದಿ ಆಚೆ. ಸಣ್ಣ ಮಕ್ಕಳು, ಅವರ ಕಿವಿಯ ಹಿಂದೆ ಮಷಿನ್ನು, ಜೊತೆಗೆ ತಾಯಂದಿರು. ದಿನಾ ಬಂದು ಮಾತಾಡುತ್ತ, ಆಡುತ್ತ, ಸದ್ದು ಗುರುತಿಸುತ್ತ ಕೂಡಬೇಕು. ದಾಕ್ಷಾಯಣಿ ಮೇಡಂ ಹೇಳಿಕೊಟ್ಟ ಪಾಠವನ್ನು ನಾನು ಮಕ್ಕಳ ಜೊತೆ ಮತ್ತೆ ಮತ್ತೆ ಮಾಡಿಸಬೇಕು.

ಮೊದಲ ವಾರ ನಾನು ಪೂರ್ತಿ ಸೋತೆ. ನನಗೆ ಕೊಟ್ಟ ಮಗು ಪಂಪಾವತಿ ಎಂದು, ಮೂರೂವರೆ ವರ್ಷ, ಕಿಡಿಯಂಥ ಹುಡುಗಿ. ಅವಳ ತಾಯಿ ದುರುಗಮ್ಮ. ದುರುಗಮ್ಮನ ಗಂಡ ಕುಡತಿನಿಯ ಕಡೆ ಕೂಲಿಗೆ ಹೋಗುತ್ತಾನೆ, ಈಕೆ ತವರಾದ ಇಲ್ಲಿ ಮಗುವಿಗಾಗಿಯೇ ಉಳಿದಿದ್ದಾಳೆ. ನಾನು ಮಗುವಿನ ಎದುರು ಕೂತು ಬಣ್ಣದ ಚೆಂಡು ತೋರಿಸಿ, ಇದು ಚೆಂಡು, ಚೆಂಡನ್ನು ತೆಗೆದುಕೋ ಎಂದು ಬಿಡಿಬಿಡಿಯಾಗಿ ಹೇಳಿದೆ. ಅದು ನನ್ನ ಮುಖ ನೋಡಿತು, ಮಷಿನ್ನು ಕಿತ್ತು ನೆಲಕ್ಕೆ ಎಸೆಯಿತು. ದಿನಾ ಇದೇ. ದುರುಗಮ್ಮ ಒಂದು ದಿನ ತಡೆಯಲಾರದೆ ನಕ್ಕುಬಿಟ್ಟಳು. "ಅಕ್ಕಾರ, ನೀವು ಟಿವಿ ಮಾತು ಆಡಾಕತ್ತೀರಿ. ನಮ್ಮ ಮನ್ಯಾಗ ತೆಗೆದುಕೋ ಅಂತ ಯಾರೂ ಅನ್ನಂಗಿಲ್ಲ. ತೊಗೊ ಅಂತೀವಿ. ಪಂಪಿ, ತೊಗೊ!" ಎಂದಳು. ಮಗು ಅವಳ ಕಡೆಗೆ ತಿರುಗಿತು. ದಾಕ್ಷಾಯಣಿ ಮೇಡಂ ಕೂಡ, "ಹೌದು ಸುನಂದಾ. ಮಗು ಸಂಜಿಗಿ ಮನಿಗಿ ಹೋದ ಮ್ಯಾಲೆ ಯಾವ ಮಾತು ಅದರ ಕಿವಿಗಿ ಬೀಳತೈತಿ, ಅದನ್ನ ಆಡ್ರಿ. ನಿಮ್ಮ ಮನ್ಯಾಗ ನೀವು ಹೆಂಗ ಮಾತಾಡ್ತೀರಿ?" ಎಂದರು.

ನಮ್ಮ ಮನೆಯಲ್ಲಿ ನಾನು ಯಾರ ಜೊತೆ ಮಾತಾಡಲಿ? ಆ ಪ್ರಶ್ನೆಗೆ ನಗುತ್ತ ತಲೆಯಾಡಿಸಿದೆ. ಸಂಜೆ ಕೋಣೆಗೆ ಬಂದು ಹಾಸಿಗೆಯ ಮೇಲೆ ಕೂತು, ನಿಮ್ಮ ಜೊತೆ ಆಡುತ್ತಿದ್ದ ಮಾತುಗಳನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದಾಗಿ ಗಟ್ಟಿಯಾಗಿ ಅಂದೆ. ಬಾ, ಕುಂದ್ರು, ಉಣ್ಣು, ಎಲ್ಲಿಗಿ ಹೊಂಟಿ, ಸಾಕಾತು, ಇನ್ನಷ್ಟು ಹಾಕ್ಲಿ? ಗೋಡೆಯ ಆಚೆ ಹಾಲಸಿದ್ದಪ್ಪನವರ ಹೆಂಡತಿ, ಈಕೆಗೆ ನೆಂಟರು ಬಂದಿದ್ದಾರೆ ಎಂದುಕೊಂಡು ಮರುದಿನ ಒಂದು ತಟ್ಟೆ ಹೋಳಿಗೆ ಕಳಿಸಿದರು. ಯಾರೂ ಬಂದಿಲ್ಲ ಎಂದು ಹೇಳಲು ನಾಚಿಕೆಯಾಗಿ ಇಸಿದುಕೊಂಡೆ. ಎರಡು ದಿನ ತಿಂದೆ.

ದೀಪಾವಳಿಗೆ ಯರ್ರಿಸ್ವಾಮಿ ಸಾರ್ ಫೋನು ಬಂತು. ಈಗ ಸುದ್ದಿಯನ್ನು ಫೋನಿನಲ್ಲೇ ಹಾಕುತ್ತಾರಂತೆ, ಯೂಟ್ಯೂಬಿನಲ್ಲಿ. "ಹಳೇ ಮಂದಿ ಎಲ್ಲಾ ನಿಮ್ಮನ್ನ ಕೇಳ್ತಾರಮ್ಮಾ, ಬರ್ರಿ" ಎಂದರು. ನನಗೆ ಆದ ಸಂತೋಷ ಸುಳ್ಳಲ್ಲ. ಹಬ್ಬದ ರಜೆಯಲ್ಲಿ ಬಳ್ಳಾರಿಗೆ ಹೋದೆ, ಆ ನೇರಳೆ ಇಳಕಲ್ ಸೀರೆ ಉಟ್ಟುಕೊಂಡು. ಅವರ ಮನೆಯ ಮಹಡಿಯ ಕೋಣೆಯಲ್ಲಿ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿದ್ದರು, ಸುತ್ತ ಲೈಟು. ಓದಿದೆ. ಅವರು ನೋಡಿ, "ಭಾಳ ನಿಧಾನ ಆತಮ್ಮಾ. ಫೋನ್ನಾಗ ಇಷ್ಟು ನಿಧಾನ ಯಾರೂ ನೋಡಂಗಿಲ್ಲ, ಬೆರಳಿಲೆ ಸರಸಿಬಿಡ್ತಾರ. ಸ್ವಲ್ಪ ಓಡಸ್ರಿ" ಎಂದರು. ಓಡಿಸಿದೆ. ಅವರಿಗೆ ಬಹಳ ಹಿಡಿಸಿತು, ಪಗಾರದ ಮಾತನ್ನೂ ಎತ್ತಿದರು. ನನಗೆ ತೋರಿಸಿದಾಗ ನೋಡಿದೆ. ನನ್ನ ತುಟಿ ಗಿಲಕಿಯ ಹಾಗೆ ಅಲ್ಲಾಡುತ್ತಿತ್ತು, ಒಂದು ಮಾತೂ ಬಿಡಿಯಾಗಿ ಕಾಣಲಿಲ್ಲ. ನೀವು ನೋಡಿದ್ದರೆ ನಿಮಗೆ ಏನೂ ತಿಳಿಯುತ್ತಿರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ, ಮರುದಿನ ಫೋನು ಮಾಡಿ ಆಗುವುದಿಲ್ಲ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಸರಿಯಾದದ್ದನ್ನೇ ಮಾಡಿದೆನೋ ಇಲ್ಲವೋ, ಈಗಲೂ ಏಳು ಗಂಟೆಯ ಹೊತ್ತಿಗೆ ಒಮ್ಮೊಮ್ಮೆ ಅನುಮಾನ ಬರುತ್ತದೆ. ಪಾತ್ರೆ ತೊಳೆಯುತ್ತ ಪೇಪರಿನ ತಲೆಬರಹವನ್ನು ರಾಗವಾಗಿ ಓದಿಕೊಳ್ಳುವುದೂ ಇದೆ. ನಗಬೇಡಿ.

ಈಗ ಮುಖ್ಯ ಸುದ್ದಿ. ಹೋದ ಬುಧವಾರ ಪಂಪಾವತಿ ಮಾತಾಡಿದಳು. ಇಷ್ಟು ದಿನ ಬರೀ ಆ, ಊ ಎನ್ನುತ್ತಿದ್ದಳು. ಅವತ್ತು ಹಾಲಿನ ಲೋಟ ಹಿಡಿದು ನಾನು, "ಕುಡಿ ಪಂಪಿ, ಹಾಲು ಕುಡಿ" ಎಂದೆ. ಲೋಟವನ್ನು ಅತ್ತ ತಳ್ಳಿದಳು. ಮತ್ತೆ ಹಿಡಿದೆ. ಮೂಗು ಕೆಂಪು ಮಾಡಿಕೊಂಡು, ನನ್ನನ್ನೇ ನೆಟ್ಟಗೆ ನೋಡಿ, "ಬ್ಯಾಡ!" ಎಂದಳು. ಸ್ಪಷ್ಟವಾಗಿ. ಕೋಣೆಯಲ್ಲಿ ಇದ್ದವರೆಲ್ಲ ತಿರುಗಿದರು. ನಾನು ಹೌಹಾರಿ, ಏನಂದಿ ಎಂದರೆ ಮತ್ತೆ, "ಬ್ಯಾಡ, ಬ್ಯಾಡ!" ದುರುಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ನಗುತ್ತ, "ನೋಡ್ರಿ ಇದರ ಧಿಮಾಕು! ಬಾಯಿ ಬಂದಕೂಡ್ಲೆ ಬ್ಯಾಡ ಅಂತೈತಿ. ಅನ್ನಲಿ ಬಿಡ್ರಿ, ಜಲಮೆಲ್ಲ ಬ್ಯಾಡ ಅನ್ನಲಿ" ಎಂದು ಅದನ್ನು ಎತ್ತಿಕೊಂಡು ಕುಣಿದಳು. ದಾಕ್ಷಾಯಣಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಚೆಲ್ಲಿದ ಹಾಲನ್ನು ಒರೆಸಲು ಯಾರಿಗೂ ನೆನಪಾಗಲಿಲ್ಲ, ಇರುವೆ ಬಂದವು.

ಸಂಜೆ ಓಡುತ್ತ ಮನೆಗೆ ಬಂದೆ ಅತ್ತೀ. ನಿಜವಾಗಿ ಓಡಿದೆ, ಈ ವಯಸ್ಸಿನಲ್ಲಿ, ಗುಡಿಯ ಬೀದಿಯಲ್ಲಿ. ಇಂಥ ಸುದ್ದಿಯನ್ನು ಮನೆಗೆ ಹೋಗಿ ಹೇಳಬೇಕು ಎಂದು ಕಾಲು ತಾನೇ ಓಡಿತು. ಬೀಗ ತೆಗೆದು ಒಳಗೆ ಕಾಲಿಟ್ಟ ಮೇಲೆ, ಯಾರಿಗೆ ಹೇಳುವುದು ಎಂದು ತಿಳಿಯದೆ ಹೊಸ್ತಿಲಲ್ಲೇ ನಿಂತೆ. ದೇಶನೂರಿಗೆ ಫೋನು ಮಾಡಿದೆ. ಶರಣ ಗದ್ದೆಯಲ್ಲಿದ್ದ, ಮಷಿನ್ನಿನ ಸದ್ದಿನಲ್ಲಿ ಅವನಿಗೂ ಸರಿಯಾಗಿ ಕೇಳಿಸಲಿಲ್ಲ. "ಯಾರು ಬ್ಯಾಡ ಅಂದ್ರು ಅತ್ತಿಗಿ? ಏನರ ತೊಂದ್ರಿ ಐತೇನು?" ಎಂದು ಗಾಬರಿಯಾದ. ಏನೂ ಇಲ್ಲಪ್ಪ, ಆರಾಮ ಇದ್ದೇನೆ ಎಂದು ಇಟ್ಟೆ. ಕೆಲಸ ಹೋದ ದುಃಖವನ್ನು ಒಬ್ಬಳೇ ನುಂಗಿದೆ, ಅದು ಅಷ್ಟು ಕಷ್ಟವಾಗಲಿಲ್ಲ. ಈ ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳುವುದು ಅದಕ್ಕಿಂತ ಕಷ್ಟವಾಯಿತು. ಅವತ್ತೇ ಈ ಕಾಗದ ಬರೆಯಬೇಕೆಂದು ನಿಶ್ಚಯಿಸಿದೆ.

ದಾಕ್ಷಾಯಣಿ ಮೇಡಂಗೆ ನಿಮ್ಮ ವಿಷಯ ಹೇಳಿದ್ದೇನೆ. ಆ ಹಳೆಯ ಕಿವಿ ಮಷಿನ್ನು ಗುಂಯ್ ಎನ್ನುತ್ತದೆ ಎಂದು ನೀವು ಡಬ್ಬಿಯಲ್ಲಿ ಹಾಕಿ ಇಟ್ಟಿರಲ್ಲ, ಅದನ್ನು ನಿಮ್ಮ ಕಿವಿಗೆ ಸರಿಯಾಗಿ ಹೊಂದಿಸಿರಲಿಲ್ಲವಂತೆ. ಒಮ್ಮೆ ಕರೆದುಕೊಂಡು ಬನ್ನಿ, ಪರೀಕ್ಷೆ ಮಾಡಿ ನೋಡೋಣ ಎಂದಿದ್ದಾರೆ. ಶರಣನಿಗೆ ಬಿಡುವಾದಾಗ ಅವನ ಜೊತೆ ಬಂದು ಹೋಗಿ. ಒಂದೆರಡು ದಿನದ ಕೆಲಸ.

ಇವತ್ತು ಕಾರ್ತಿಕದ ಕಡೆಯ ಸೋಮವಾರವೆಂದು ಬೆಳಿಗ್ಗೆಯೇ ಗುಡಿಗೆ ಹೋಗಿ, ನಿಮ್ಮ ಹೆಸರಿನದೂ ಸೇರಿಸಿ ದೀಪ ಹಚ್ಚಿ ಬಂದೆ. ಶರಣನಿಗೆ, ನಾಗಲಕ್ಷ್ಮಿಗೆ ನನ್ನ ನೆನಪು ಹೇಳಿ. ದೊಡ್ಡ ಹುಡುಗನಿಗೆ ಶಾಲೆ ತಪ್ಪಿಸಬೇಡ ಎಂದು ಹೇಳಿ, ಕೂಸಿನ ಹಣೆಗೆ ನನ್ನ ಬದಲು ನೀವೇ ಒಂದು ಮುತ್ತು ಕೊಡಿ. ನಿಮ್ಮ ಕಾಲಿಗೆ ದೂರದಿಂದಲೇ ಹಣೆ ಮುಟ್ಟಿಸಿದ್ದೇನೆ.

ನಿಮ್ಮ ಸೊಸೆ,
ಸುನಂದಾ

ಮತ್ತೆ: ಅತ್ತೀ, ಅಂಚೆ ಕಚೇರಿಯ ಕಿಟಕಿಯಲ್ಲೇ ನಿಂತು ಇದನ್ನು ಸೇರಿಸುತ್ತಿದ್ದೇನೆ, ಹಿಂದೆ ಜನ ಇದ್ದಾರೆ, ಅಕ್ಷರ ಕೆಟ್ಟರೆ ಕ್ಷಮಿಸಿ. ಈ ತುಂಡನ್ನು ನೀವೊಬ್ಬರೇ ಓದಿ. ಕಿವಿ ಪರೀಕ್ಷೆ ಬರೀ ನೆಪ. ಎರಡು ದಿನಕ್ಕೆ ಬರಬೇಡಿ, ಇರಲು ಬನ್ನಿ. ಮೆಟ್ಟಿಲಿಲ್ಲದ ಮನೆ, ಬಚ್ಚಲು ಹತ್ತಿರ. ಹಾಲಸಿದ್ದಪ್ಪನವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ನಾಗಲಕ್ಷ್ಮಿಗೆ ನೀವು ಬೇಕು ಎಂದು ಗೊತ್ತು, ಅದಕ್ಕೇ ಶರಣನಿಗೆ ಹೇಳಿಲ್ಲ. ಕೂಸಿಗೆ ಆರು ತಿಂಗಳು ತುಂಬಿದ ಮೇಲಾದರೂ ಆಗಲಿ, ಯುಗಾದಿಗಾದರೂ ಆಗಲಿ, ಕಾಯುತ್ತೇನೆ. ನೀವು ಅಲ್ಲಿ ಕಷ್ಟದಲ್ಲಿ ಇದ್ದೀರಿ ಎಂದು ಕರೆಯುತ್ತಿಲ್ಲ, ನಿಮ್ಮನ್ನು ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ನನಗೆ ಒಬ್ಬಳಿಗೇ ಇರಾಕ ಆಗವಲ್ದು ಅತ್ತಿ. ಬರ್ರಿ.